ಹಸುವಿನ ನಾಲಿಗೆ ಒರಟಾದದ್ದು

ಕಾಲು ಅಲ್ಲಾಡಿಸದೆ ಕೂತರೆ ಹೇಳ್ತೀನಿ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು, ಹೊಳೆಗೆ ತನ್ನ ದಾರಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ, ಆ ಕಾಲದ ಮಾತು. ಆಗ ಹಸುವಿನ ನಾಲಿಗೆ ಬಾಳೆಯ ಸುಳಿಯಷ್ಟು ನುಣ್ಣಗಿತ್ತು. ಹುಲ್ಲು ತಿನ್ನೋದು, ನೀರು ಕುಡಿಯೋದು, ಅಷ್ಟೇ ಅದರ ಕೆಲಸ. ಯಾವ ಹಸುವೂ ಕರುವನ್ನು ನೆಕ್ಕುತ್ತಿರಲಿಲ್ಲ. ಒಂದು ಸಲ ಮೂಸಿದರೆ ಸಾಕು, ಇದು ನನ್ನ ಮಗು ಅಂತ ಗೊತ್ತಾಗೋದು.

ಆ ಕಾಲದಲ್ಲಿ ಚನ್ನಿಗಯ್ಯ ಅಂತ ಒಬ್ಬ ರೈತ, ಅವನ ಹೆಂಡತಿ ಪುಟ್ಟತಾಯಮ್ಮ. ಎರಡು ಮೂಟೆ ರಾಗಿ ಕೊಟ್ಟು ಪಕ್ಕದ ಸೀಮೆಯಿಂದ ಒಂದು ಕೆಂಪು ಹಸು, ಅದರ ಎಂಟು ದಿನದ ಕರು, ಎರಡನ್ನೂ ಹೊಡಕೊಂಡು ಬಂದರು. ಅವರ ಮನೆಗೆ ಬಂದ ಮೊದಲ ದನ. ಸಂಭ್ರಮ ಕೇಳಬೇಕೆ?

ಹೊಸಬರು ಬಂದರೆ ಮೀಯಿಸಿಯೇ ಒಳಗೆ ಕರೆಯಬೇಕು ಅನ್ನೋದು ಆ ಮನೆಯ ಪದ್ಧತಿ. ಪುಟ್ಟತಾಯಮ್ಮನೂ ಮದುವೆಯಾಗಿ ಬಂದ ದಿನ ಹಾಗೇ ಮಿಂದು ಹೊಸಲು ದಾಟಿದವಳು. ಅದಕ್ಕೇ ಕರುವನ್ನು ಹೊಳೆಗೆ ಕರಕೊಂಡು ಹೋಗಿ ಸೀಗೆಪುಡಿ ಹಾಕಿ ಉಜ್ಜಿದಳು. ಅರಿಶಿನ ಬಳಿದು ಇನ್ನೊಂದು ಸಲ ಉಜ್ಜಿದಳು. ಅತಿ ಮಾಡಿಬಿಟ್ಟಳು ಮಹಾತಾಯಿ.

ಕರು ಬಂದು ಕೆಚ್ಚಲಿಗೆ ಬಾಯಿ ಹಾಕಿತು. ಹಸು ಮೂಸಿತು. ಬರೀ ಸೀಗೆ, ಬರೀ ಅರಿಶಿನ. ಯಾರ ಮಗುವೋ ಇದು ಅಂತ ಒದ್ದು ದೂರ ತಳ್ಳಿತು. ಆಮೇಲೆ ಬಂದ ದಾರಿಯನ್ನೇ ನೋಡುತ್ತಾ, ನನ್ನ ಮಗು ಎಲ್ಲಿ ಅಂತ ಅಂಬಾ ಅಂಬಾ ಕೂಗತೊಡಗಿತು. ಮಗು ಅಲ್ಲೇ ಅದರ ಮುಂದೆ ನಿಂತಿತ್ತು, ಪಾಪ.

ಹಾಲು ಕರೆದು ಕುಡಿಸೋಣ ಅಂದರೆ ಹಸು ಒಂದು ತೊಟ್ಟೂ ಇಳಿಸಲಿಲ್ಲ. ಮಾರನೆಯ ಬೆಳಗಿಗೆ ಕರುವಿಗೆ ನಿಲ್ಲಲೂ ಆಗಲಿಲ್ಲ. ಪುಟ್ಟತಾಯಮ್ಮ ಗಾಳಿಯನ್ನು ಬೇಡಿಕೊಂಡಳು, ಕರುವಿನ ವಾಸನೆ ಹುಡುಕಿ ತಾ ಅಂತ. ಗಾಳಿ ಊರೆಲ್ಲ ಸುತ್ತಿ ಬರಿಗೈಲಿ ಬಂತು. ಕೊನೆಗೆ ಅವಳು ಹೊಳೆಯ ದಡದಲ್ಲಿ ಕೂತು ಅತ್ತಳು.

“ಹೊಳೆಯವ್ವಾ, ತಪ್ಪು ನನ್ನದು. ಆ ಕರು ಸತ್ತರೆ ಅದರ ತಾಯಿ ಮುಖ ನಾನು ಹೇಗೆ ನೋಡಲಿ?”

“ಮೈಮೇಲಿದ್ದದ್ದನ್ನ ನಾನು ಒಯ್ದೆ, ಅದು ಸಮುದ್ರ ಸೇರಿತು ಕಣವ್ವಾ,” ಅಂದಿತು ಹೊಳೆ. “ಮೈಯೊಳಗಿನದು ಒಳಗೇ ಇದೆ. ಅದನ್ನ ತಾಯಿಯೇ ಹುಡುಕಬೇಕು. ಅವಳ ಬಾಯಿಗೆ ಆಸೆ ಹುಟ್ಟಿಸು.”

ಹಸುವಿನ ಬಾಯಿಗೆ ಆಸೆ ಅಂದರೆ ಉಪ್ಪಲ್ಲದೆ ಇನ್ನೇನು? ಪುಟ್ಟತಾಯಮ್ಮ ಓಡಿ ಬಂದು ಕರುವಿನ ಮೈಗೆಲ್ಲ ಉಪ್ಪು ಸವರಿದಳು. ಹಸು ನೆಕ್ಕಿತು. ನುಣ್ಣನೆಯ ನಾಲಿಗೆ ಜಾರಿತು. ಮತ್ತೆ ನೆಕ್ಕಿತು, ಮತ್ತೆ ಜಾರಿತು. ಹೊತ್ತು ಇಳಿಯುವವರೆಗೂ ನೆಕ್ಕಿತು. ಉಪ್ಪಿನ ಹರಳು ಉಜ್ಜಿ ಉಜ್ಜಿ ನಾಲಿಗೆ ತರಿತರಿಯಾಯಿತು. ಉಪ್ಪು ಹೋಯಿತು, ಅರಿಶಿನ ಹೋಯಿತು, ಸೀಗೆಯೂ ಹೋಯಿತು. ಎಲ್ಲದರ ಅಡಿಯಲ್ಲಿ, ಕಿವಿಯ ಹಿಂದೆ, ತನ್ನ ಮಗುವಿನ ವಾಸನೆ ಸಿಕ್ಕಿತು.

ಹಾಲು ತಾನಾಗಿ ತೊಟ್ಟಿಕ್ಕಿತು. ಚನ್ನಿಗಯ್ಯ ಕರುವನ್ನು ಎತ್ತಿ ಕೆಚ್ಚಲಿಗೆ ಹಿಡಿದ. ಅದು ಚಪ್ಪರಿಸುವ ಸದ್ದು ಕೇಳಿ ಪುಟ್ಟತಾಯಮ್ಮನಿಗೆ ಹೋದ ಜೀವ ಬಂದಂತಾಯಿತು. ಹಸು ಅವಳ ಕೈಯನ್ನೂ ನೆಕ್ಕಿತು. ದಾರಿ ನೋಡೋದು ಬಿಟ್ಟು ಆ ಹೊಸ ಕೊಟ್ಟಿಗೆಯಲ್ಲಿ ಮೊದಲ ಸಲ ಮಲಗಿತು.

ಅವತ್ತಿನಿಂದ ಹಸುವಿನ ನಾಲಿಗೆ ಒರಟು. ಅವತ್ತಿನಿಂದ ಕರು ಹುಟ್ಟಿದ ಕೂಡಲೇ ತಾಯಿ ಮೊದಲು ಅದನ್ನು ನೆಕ್ಕುತ್ತದೆ. ನಿನ್ನೆ ನಾವು ತಂದ ಹಸು ನೆಕ್ಕಿದಾಗ ಮುಳ್ಳು ಮುಳ್ಳು ಅಂತ ಕೈ ಎಳಕೊಂಡೆಯಲ್ಲ, ನಡಿ, ಇನ್ನೊಂದು ಸಲ ಕೈ ಕೊಡು. ಈ ಹೊಸ ಮನೆಯಲ್ಲಿ ತನ್ನವರು ಯಾರು ಅಂತ ಅದು ಹುಡುಕುತ್ತಿದೆ.