ಚಿಪ್ಪಲ್ಲಿ ಕಲಸಿಟ್ಟ ಬಿಳಿ ಸಿಮೆಂಟು

"ಇಲ್ಲಪ್ಪ, ಅಲುಗಾಡಿದ ಮಾತ್ರಕ್ಕೆ ನನ್ನ ಗೋರಿ ಕಟ್ಟಬೇಕಾಗಿಲ್ಲ," ಅಂತು ಬಾತ್‌ಟಬ್ಬಿನ ಪಕ್ಕದಲ್ಲಿ ಪೈಪ್ ಮುಚ್ಚಿದ್ದ ಹಲಗೆ. ಅದು ಸಡಿಲ ಆಗಿದೆ ಅಂತ ಪ್ಲಂಬರ್ ಇಸಾಕ್ ತೆಂಗಿನ ಚಿಪ್ಪಲ್ಲಿ ಬಿಳಿ ಸಿಮೆಂಟು ಕಲಸಿಟ್ಟಿದ್ದ.

"ನಾನು ಹಿಡಿದ್ರೆ ಜನ್ಮದಲ್ಲಿ ಬಿಡಲ್ಲ," ಅಂತು ಸಿಮೆಂಟು.

"ಅದೇ ಭಯ. ಒಳಗೆ ಪೈಪ್ ಸೋರಿದ್ರೆ ಸುತ್ತಿಗೇಲಿ ಒಡೀತಾರೆ. ನನಗಿಂತ ಮುಂಚೆ ಇದ್ದ ಹಲಗೆ ಹಂಗೇ ಹೋಗಿದ್ದು."

ಹಲಗೆಯ ಮೂಲೇಲಿದ್ದ ಸ್ಕ್ರೂ ಬಾಯಿ ಹಾಕ್ತು. "ನಂಗೆ ಎರಡು ಸುತ್ತು ಕೊಟ್ರೆ ಸಾಕು. ಹಿಡಿಯೋದೂ ಬರುತ್ತೆ, ಬಿಡೋದೂ ಬರುತ್ತೆ."

"ಬಿಡೋನನ್ನ ಯಾರಯ್ಯ ನಂಬ್ತಾರೆ?" ಸಿಮೆಂಟು ನಕ್ಕಿತು.

ಇಸಾಕ್ ಚಿಪ್ಪು ಹಿಡ್ಕೊಂಡು ಬಗ್ಗಿದ. ಹಲಗೆ ಹಿಂದೆ ನೀರು ತೊಟ್ಟಿಕ್ಕೋ ಸದ್ದು ಕೇಳ್ತು. ಚಿಪ್ಪು ಕೆಳಗಿಟ್ಟು, ಸ್ಕ್ರೂ ಬಿಚ್ಚಿ, ಹಲಗೆ ತೆಗೆದು ಪಕ್ಕಕ್ಕಿಟ್ಟ. ಪೈಪ್ ರಿಪೇರಿಗೆ ಮಧ್ಯಾಹ್ನ ಪೂರ್ತಿ ಹಿಡೀತು. ಆಮೇಲೆ ಹಲಗೇನ ವಾಪಸ್ ಕೂರಿಸಿ ಸ್ಕ್ರೂ ಬಿಗಿ ಮಾಡಿ ಒಂದು ಗುದ್ದು ಗುದ್ದಿದ. ಹಲಗೆ ಅಲುಗಾಡಲಿಲ್ಲ, ಮೈ ಮೇಲೆ ಒಂದು ಗೀರೂ ಇರಲಿಲ್ಲ.

ಅಷ್ಟೊತ್ತಿಗೆ ಸಿಮೆಂಟು ಚಿಪ್ಪಲ್ಲೇ ಕಲ್ಲಾಗಿತ್ತು.

"ಮಾತಿಗೆ ತಪ್ಪಲಿಲ್ಲ ಕಣಯ್ಯ, ಬಿಡ್ಲೇ ಇಲ್ಲ ನೀನು," ಅಂತು ಸ್ಕ್ರೂ.

ಇಸಾಕ್ ಸಿಮೆಂಟನ್ನ ಚಿಪ್ಪಿನ ಸಮೇತ ಎತ್ಕೊಂಡು ಹೊರಗೆ ಹೋಗಿ ಬಾಗಿಲು ಹಾಕಿದ.