ಗೋಡೆ ಸೇರಿದ ಮಕ್ಕಳು

ಬಾ, ಕಾಲು ಒಳಗೆಳ್ಕೊಂಡು ಮಲಕ್ಕೋ. ಹೂಂ ಅಂತಿರ್ಬೇಕು, ನೀನು ಹೂಂ ಅನ್ನೋದು ನಿಂತ್ರೆ ನಾನೂ ನಿಲ್ಲಿಸ್ತೀನಿ.

ಹಿಂದೆ ಅಂದ್ರೆ ಬಹಳ ಹಿಂದೆ, ನಮ್ಮೂರಿಗಿನ್ನೂ ಹೆಸರೇ ಇಟ್ಟಿರ್ಲಿಲ್ಲ ನೋಡು, ಅಂಥಾ ಕಾಲದಲ್ಲಿ ಸಮುದ್ರದಾಚೆ ಈಜಿಪ್ಟ್ ಅಂತ ಒಂದು ದೇಶ ಇತ್ತಂತೆ. ಅಲ್ಲಿ ನೈಲ್ ಅಂತ ದೊಡ್ಡ ಹೊಳೆ. ಹೊಳೆಯ ಈ ದಡದಲ್ಲಿ ಬದುಕಿರೋರ ಮನೆ, ಸೂರ್ಯ ಮುಳುಗೋ ಆ ದಡದಲ್ಲಿ ಸತ್ತೋರ ಮನೆ. ಆ ದೇಶದ ದೊಡ್ಡ ಮನುಷ್ಯರು ಬದುಕಿರೋವಾಗ್ಲೇ ಗುಡ್ಡ ಕೊರೆಸಿ ತಮ್ಮ ಗೋರಿ ಕಟ್ಟಿಸ್ಕೊಳ್ತಿದ್ರಂತೆ. ಗೋಡೆ ತುಂಬಾ ರೊಟ್ಟಿ, ಮೀನು, ಹಸು, ಆಳುಕಾಳು ಎಲ್ಲಾ ಬರೆಸ್ತಿದ್ರಂತೆ. ಯಾಕೆ ಅಂದ್ರೆ, ಸತ್ತ ಮೇಲೆ ಪೂಜಾರಿ ಬಂದು ಹೆಣದ ಬಾಯಿಗೆ ಮರ ಕೆತ್ತೋ ಒಂದು ಸಣ್ಣ ಬಾಚಿ ಮುಟ್ಟಿಸಿ ಮಂತ್ರ ಹೇಳಿದ್ರೆ ಸತ್ತೋನು ಒಳಗೆ ಕಣ್ಣು ಬಿಡ್ತಾನೆ, ಗೋಡೇಲಿರೋದೆಲ್ಲ ಅವನಿಗೆ ನಿಜ ಆಗುತ್ತೆ ಅಂತ ಅವರ ನಂಬಿಕೆ.

ಆ ದೇಶದ ಒಂದು ಊರಲ್ಲಿ ನಖ್ತ ಅಂತ ಒಬ್ಬ ಚಿತ್ರ ಬರೆಯೋನಿದ್ದನಂತೆ. ಅವನ ಹೆಂಡತಿ ಹುನ್ರೋ, ಗಂಡನಿಗೆ ಬಣ್ಣ ಅರೆದು ಕೊಡೋಳು. ಮೂರು ಜನ ಮಕ್ಕಳು. ದೊಡ್ಡವನು ಇಪುಯ್, ಮೀನು ಹಿಡಿಯೋನು. ನಡುವಿನವನು ಮೋಸೆ, ಉಳುಮೆ ಮಾಡೋನು. ಕೊನೇದು ತೂಯಿ, ನಿನ್ನಷ್ಟೇ ಇದ್ದ ಹೆಣ್ಣುಮಗು.

ಆ ಊರಿನ ಕಣಜದ ಯಜಮಾನ ಮೆಹಿ ಅಂತ. ಊರಿನೋರಿಗೆಲ್ಲ ಕಾಳು ಅಳೆಸಿ ಕೊಡೋನು ಅವನೇ. ಅವನು ನಖ್ತನನ್ನ ಕರೆಸಿ, ನನ್ನ ಗೋರೀಲಿ ಯಾರೋ ಎಂಥವರೋ ಬೇಡ ಕಣಯ್ಯ, ನಿನ್ನ ಮಕ್ಕಳು ಚೆನ್ನಾಗಿ ದುಡೀತಾರೆ, ಅವರನ್ನೇ ಬರಿ, ತಲೆ ಮೇಲೆ ಅವರ ಹೆಸರೂ ಬರಿ, ನನ್ನನ್ನ ಕುರ್ಚಿ ಮೇಲೆ ಕೂರಿಸಿ ಬರಿ, ಆದ್ರೆ ನಾನು ಸಾಯೋವರ್ಗೂ ನನಗೆ ಮಾತ್ರ ಕಣ್ಣು ಬರೀಬೇಡ ಅಂದನಂತೆ. ಬದುಕಿರೋರಿಗೆ ಗೋರೀಲಿ ಹೆಸರು ಬರೆದು ಕಣ್ಣು ಬರೀಬಾರ್ದು ಸ್ವಾಮಿ, ಕೇಡಾಗುತ್ತಂತೆ ಅಂತ ನಖ್ತ ಕೈ ಮುಗಿದ್ರೆ, ಹಂಗಾದ್ರೆ ನಿನ್ನ ಮನೆಗೆ ಕಾಳೂ ಬರಬಾರ್ದು ಅಂದನಂತೆ ಮೆಹಿ, ನಗ್ತಾ ನಗ್ತಾನೇ.

ನಖ್ತ ಇನ್ನೇನು ಮಾಡ್ತಾನೆ, ಗೋರಿಗೆ ಹೋದ. ಬಲೆ ಎಳೀತಿರೋ ಇಪುಯ್‌ನ ಬರೆದ, ಹೆಸರು ಬರೆದ, ಕೊನೆಗೆ ಕಣ್ಣು ಬರೆದ. ಇಲ್ಲಿ ಮನೇಲಿ ರೊಟ್ಟಿ ತಿಂತಾ ಕೂತಿದ್ದ ಇಪುಯ್, ಅಮ್ಮಾ ಎಲ್ಲೋ ನೀರಿನ ವಾಸನೆ ಬರ್ತಿದೆ ಅಂದು ಎದ್ದು ನಿಂತನಂತೆ. ಆಮೇಲೆ ಮಾತೇ ಇಲ್ಲ. ಅಂಗಳದಲ್ಲಿ ನಿಂತ್ಕೊಂಡು ಖಾಲಿ ಕೈಯಲ್ಲಿ ಬಲೆ ಎಳೀತಾನೆ, ಎಳೀತಾನೆ, ಎಳೀತಾನೇ ಇದಾನೆ. ಇಳಿ ಮಧ್ಯಾಹ್ನದ ಬಿಸಿಲು, ಹುನ್ರೋ ನೋಡ್ತಾಳೆ, ಮಗನ ಕಾಲಡಿ ನೆರಳಿಲ್ಲ.

ಜ್ವರ ಇರ್ಬೇಕು ಅಂದ್ಕೊಂಡ ನಖ್ತ. ಅಂದ್ಕೊಳ್ದೇ ಅವನಿಗೆ ಬೇರೆ ದಾರಿ ಇರ್ಲಿಲ್ಲ. ಮೆಹಿ ಮತ್ತೆ ಗದರಿಸಿದ ಅಂತ ಮೋಸೆನೂ ಬರೆದ. ಅವತ್ತಿಂದ ಮೋಸೆ ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ಇಲ್ಲದ ನೇಗಿಲು ಹಿಡಿದು ಓಡಾಡೋಕೆ ಶುರು ಮಾಡಿದನಂತೆ. ಅವನಿಗೂ ನೆರಳಿಲ್ಲ. ನೀರು ಕೊಟ್ರೆ ಬಾಯಿಂದ ಹಾಗೇ ಕೆಳಗೆ ಹರಿದು ಹೋಗ್ತಿತ್ತಂತೆ. ಹೂಂ ಅನ್ನು. ಹೆದ್ರಿಕೆಯಾದ್ರೆ ನನ್ನ ಸೆರಗು ಹಿಡ್ಕೋ.

ಆಮೇಲೆ ಮೆಹಿ ಗೋರಿಗೆ ಬಂದು, ಈಗ ಆ ಚಿಕ್ಕದನ್ನ ಬರಿ, ನನ್ನ ಕುರ್ಚಿ ಪಕ್ಕ ನಿಂತು ಬೀಸಣಿಗೆ ಬೀಸ್ಲಿ ಅಂದನಂತೆ. ನಖ್ತ ನೆಲಕ್ಕೆ ಬಿದ್ದು, ಆಗಲ್ಲ ಸ್ವಾಮಿ, ಕೊಂದ್ರೂ ಆಗಲ್ಲ ಅಂದ. ನೀನಲ್ದಿದ್ರೆ ಇನ್ನೊಬ್ಬ ಬರೀತಾನೆ, ಮುಖ ಹೆಂಗಿದ್ರೇನು, ಹೆಸರು ಇದ್ರೆ ಸಾಕು, ನಾಳೆ ಬಂದು ನೋಡ್ತೀನಿ ಅಂತ ಹೇಳಿ ಮೆಹಿ ಹೊರಟುಹೋದನಂತೆ.

ನಖ್ತ ಮನೆಗೆ ಬಂದು ಎಲ್ಲಾ ಹೇಳಿದ. ಹುನ್ರೋ ಅಳ್ಲಿಲ್ಲ. ತೂಯಿನ ಪಕ್ಕದ ಮನೇಲಿ ಬಿಟ್ಲು, ದೀಪ ತಗೊಂಡ್ಲು, ನಡಿ ನನ್ನ ಮಕ್ಕಳನ್ನ ತೋರ್ಸು ಅಂದ್ಲು. ದೋಣೀಲಿ ಹೊಳೆ ದಾಟಿ ಇಬ್ರೂ ಗೋರಿ ಒಳಗೆ ಇಳಿದ್ರಂತೆ. ಹೊರಗೆ ಸುಡೋ ಬಿಸಿಲು, ಒಳಗೆ ಬಾವಿ ಥರ ತಣ್ಣಗೆ. ದೀಪ ಎತ್ತಿ ಹಿಡಿದ್ರೆ ಗೋಡೇಲಿ ಇಪುಯ್. ಬಲೆಯಿಂದ ನಿಜವಾದ ನೀರು ತೊಟ್ಟಿಕ್ತಾ ಇದೆ. ಅವನ ಹಿಂದೆ ಕರ್ರಗೆ ಅವನ ನೆರಳು. ಹುನ್ರೋ ಹತ್ರ ಹೋಗಿ ಆ ಕಣ್ಣನ್ನ ಸೆರಗಿಂದ ಒರೆಸೋಕೆ ನೋಡಿದ್ಲು. ಅಮ್ಮಾ ಉರಿ ಅಂತ ಗೋಡೆ ಒಳಗಿಂದ ಸಣ್ಣ ದನಿ ಬಂತಂತೆ. ಅವಳು ಕೈ ಹಿಂದಕ್ಕೆ ತಗೊಂಡು, ಇಲ್ಲ ಮಗನೇ, ಇಲ್ಲ, ಮುಟ್ಟಲ್ಲ ಅಂದ್ಲು.

ಗೋಡೆ ಮೇಲಿನ ಅಕ್ಷರಗಳ ಮೇಲೆಲ್ಲ ದೀಪ ಆಡಿಸಿದ್ಲಂತೆ. ಆಮೇಲೆ ಗಂಡನನ್ನ ಕೇಳಿದ್ಲು, ಹೆಸರು ಇದ್ರೆ ಸಾಕು ಅಂದನಾ ಆ ಮೆಹಿ? ಹೂಂ ಅಂದ ನಖ್ತ. ನನ್ನ ಮಗನ ಹೆಸರು ಇದರಲ್ಲಿ ಯಾವುದು ಅಂದ್ಲು. ಅವನು ತೋರಿಸಿದ. ಒಂದು ಮಡಕೆ ಚೂರು ತಗೊಂಡು ಮೆಲ್ಲಗೆ, ಮುಖಕ್ಕೆ ತಾಗದ ಹಾಗೆ, ಆ ಹೆಸರನ್ನ ಕೆರೆದ್ಲಂತೆ. ಬಲೆಯಿಂದ ನೀರು ತೊಟ್ಟಿಕ್ಕೋದು ನಿಂತುಹೋಯ್ತು. ಮೋಸೆ ಹೆಸರನ್ನೂ ಕೆರೆದ್ಲು.

ಖಾಲಿ ಬಿಟ್ರೆ ನಾಳೆ ಮತ್ತೆ ಬರೆಸ್ತಾನೆ ಕಣೇ ಅಂದ ನಖ್ತ. ಖಾಲಿ ಯಾಕೆ ಬಿಡ್ಬೇಕು ಅಂದ್ಲು ಹುನ್ರೋ. ಆ ದೇಶದ ಅಕ್ಷರ ಅಂದ್ರೆ ಚಿತ್ರಗಳೇ ಅಂತೆ. ಒಂದು ಗೂಬೆ, ಒಂದು ಹೊಸೆದ ಬತ್ತಿ, ಎರಡು ಜೊಂಡಿನ ಗರಿ, ಇಷ್ಟು ಬರೆದ್ರೆ ಮೆಹಿ. ಗೋಡೆ ತುಂಬಾ ಅದೇ ಹೆಸರಿತ್ತು. ಅವಳೇ ಕುಂಚ ಹಿಡಿದು, ಅದನ್ನ ನೋಡ್ಕೊಂಡು ಬಲೆ ಎಳೆಯೋನ ತಲೆ ಮೇಲೆ ಆ ಗೂಬೆ, ಬತ್ತಿ, ಗರಿ ಬರೆದ್ಲು, ನೇಗಿಲು ಹಿಡಿದೋನ ತಲೆ ಮೇಲೂ ಬರೆದ್ಲು. ನಖ್ತ ಕುರ್ಚಿ ಪಕ್ಕ ಬೀಸಣಿಗೆ ಬೀಸೋ ಆಳೊಬ್ಬನ್ನ ಕಣ್ಣು ಸಮೇತ ಬರೆದ, ಅವನಿಗೂ ಅದೇ ಹೆಸರು. ಹೆಸರು ಒಣಗಿ ಹಿಡಿಯೋಕೆ ನಾಳೆ ಆಗುತ್ತೆ ಅಂದ.

ಮಾರನೇ ದಿನ ಮೆಹಿ ಗೋರಿಗೆ ಬಂದ, ನಖ್ತ ಹುನ್ರೋ ಇಬ್ರೂ ಅಲ್ಲೇ ಇದ್ರು. ಇದೇನಯ್ಯ, ಎಲ್ಲಾ ಕಡೆ ನನ್ನ ಹೆಸರೇ ಬರೆದಿದೀಯ ಅಂತ ಕೇಳಿದ. ಗೋಡೇಲಿರೋ ಆಳುಗಳು ನಿಮ್ಮೋರು ಅಂತ ತಿಳೀಬೇಕಲ್ಲ ಸ್ವಾಮಿ ಅಂದ್ಲು ಹುನ್ರೋ. ಸರಿ ಸರಿ, ನನ್ನ ಹೆಸರು ಎಷ್ಟು ಕಡೆ ಇದ್ರೂ ಒಳ್ಳೇದೇ ಅಂತ ಮೆಹಿ ನಕ್ಕ. ನಗ್ತಾ ನಗ್ತಾ ಮೂಗು ಅರಳಿಸಿ, ನೀರಿನ ವಾಸನೆ ಬರ್ತಿದೆಯಲ್ಲ ಅಂದ. ಆಮೇಲೆ ಅವನ ಎರಡೂ ಕೈ ತಾವಾಗೇ ಮೇಲೆದ್ದವಂತೆ, ಬಲೆ ಎಳೆಯೋ ಹಾಗೆ. ಜೊತೆಗೆ ಬಂದಿದ್ದ ಆಳುಗಳು ಹೆದರಿ ಅವನನ್ನ ಹೊತ್ಕೊಂಡು ಮನೆಗೆ ಹೋದ್ರು. ವೈದ್ಯರು ಬಂದ್ರು, ತಾಯಿತ ಕಟ್ಟಿದ್ರು, ಯಾರಿಗೂ ಏನೂ ತಿಳೀಲಿಲ್ಲ. ಹೊಳೆಗೆ ನೆರೆ ಬರೋ ಹೊತ್ತಿಗೆ ಮೆಹಿ ಸತ್ತುಹೋದ.

ಇತ್ತ, ಹೆಸರು ಕೆರೆದ ದಿನಾನೇ ಸಂಜೆ ಹುನ್ರೋ ಮನೆಗೆ ಬಂದಾಗ, ಅಂಗಳದಲ್ಲಿ ಇಪುಯ್ ಕೈ ಇಳಿಸಿ, ಅಮ್ಮಾ ಹಸಿವು ಅಂದಿದ್ದನಂತೆ. ಮೋಸೆ ಅಲ್ಲೇ ಕೂತು ಕಾಲು ಒತ್ಕೊಳ್ತಿದ್ದ. ಇಬ್ಬರ ನೆರಳೂ ಗೋಡೆ ಮೇಲೆ ಉದ್ದುದ್ದ ಬಿದ್ದಿತ್ತು. ಹುನ್ರೋ ಆವಾಗ ಅತ್ತಳಂತೆ.

ಮೆಹಿಗೆ ಬಾಯಿ ತೆರೆಸೋ ಶಾಸ್ತ್ರ ಎಲ್ಲಾ ಮಾಡಿ ಗೋರಿ ಬಾಗಿಲು ಮುಚ್ಚಿದ್ರು. ಕುರ್ಚಿ ಮೇಲಿರೋ ಮೆಹಿಗೆ ಮಾತ್ರ ಯಾರೂ ಕಣ್ಣು ಬರೀಲಿಲ್ಲ, ಎದುರಿರೋ ಆಳು ತಾನೇ ಅಂತ ಅವನಿಗೆ ಕಾಣೋ ಹಾಗಿಲ್ಲ. ಆ ಕಡೆ ಹೋದೋರಿಗೆ ಒಳಗಿಂದ ಕೇಳಿಸ್ತಿತ್ತಂತೆ, ಮೆಹಿ, ಮೀನು ತಾ ಅಂತ ಒಂದು ದನಿ, ಬಂದೆ ಅಂತ ಅದೇ ದನಿ. ಮೆಹಿ, ಬೀಸಣಿಗೆ ಬೀಸು ಅಂತ ಒಂದು ದನಿ, ಬಂದೆ ಬಂದೆ ಅಂತ ಅದೇ ದನಿ.

ಹುನ್ರೋ ವರ್ಷಕ್ಕೊಂದ್ಸಲ, ಸತ್ತೋರ ಹಬ್ಬದ ದಿನ, ಒಂದು ರೊಟ್ಟಿ, ಒಂದು ಚೊಂಬು ನೀರು ತಗೊಂಡು ಹೋಗಿ ಆ ಬಾಗಿಲ ಮುಂದೆ ಇಟ್ಟು ಬರ್ತಿದ್ಲಂತೆ. ಅವನಿಗ್ಯಾಕಮ್ಮ ಅಂತ ತೂಯಿ ಕೇಳಿದ್ಲು. ಯಾರಾದ್ರೇನು ಮಗಾ, ದುಡಿಯೋನಿಗೆ ಹಸಿವಾಗುತ್ತೆ ಅಂದ್ಲಂತೆ ಅವಳು. ರೊಟ್ಟಿ ಇಟ್ಟ ಮೇಲೆ ಸ್ವಲ್ಪ ಹೊತ್ತು ಒಳಗೆ ಸದ್ದೇ ಇರ್ತಿರ್ಲಿಲ್ಲವಂತೆ.

ಆಮೇಲೆ ತೂಯಿ ದೊಡ್ಡವಳಾದ್ಲು, ಅಣ್ಣಂದಿರಿಗೆ ಮದುವೆ ಆಯ್ತು, ಮನೆ ತುಂಬಾ ಮಕ್ಕಳಾದ್ವು, ಎಲ್ಲಾ ಹೊಟ್ಟೆ ತುಂಬಾ ಉಂಡು ಸುಖವಾಗಿದ್ರು. ಕತೆ ಇಲ್ಲಿಗೆ ಮುಗೀತು, ನಿನ್ನ ಹೂಂಗೂ ನಿದ್ದೆ ಬಂತು.