ಹೊಳೆಯದ ಬೆಸುಗೆ

"ಗುರುಗಳೇ, ನಾನು ಪ್ರವಚನಕ್ಕೆ ಕುಳಿತರೆ ಸಭೆಗೆ ಸಭೆಯೇ ಬೆಳಗುತ್ತದೆ ಎಂದು ಜನ ಹೇಳುತ್ತಾರೆ. ಆದರೆ ಅವರು ಮನೆಗೆ ಹೋದ ಮೇಲೆ ಅಣ್ಣ ತಮ್ಮನ ಮೇಲೆ ಹೂಡಿದ ಮೊಕದ್ದಮೆ ಹಾಗೇ ಇರುತ್ತದೆ. ಅತ್ತೆ ಸೊಸೆಯ ಜಗಳವೂ ಹಾಗೇ ಇರುತ್ತದೆ. ಅಷ್ಟೊಂದು ಬೆಳಕು ಎಲ್ಲಿಗೆ ಹೋಗುತ್ತದೆ?"

ಕೇಳಿದವನು ಕರಿಬಸವ, ಮಠದ ಹಿರಿಯ ಶಿಷ್ಯ. ಅವನ ಮಾತು ಕೇಳಲು ಸುತ್ತಲಿನ ಊರವರು ಟ್ರ್ಯಾಕ್ಟರು ಮಾಡಿಕೊಂಡು ಬರುತ್ತಿದ್ದರು. ಗುರುಗಳು ಮಾತಾಡಿದರೆ ಮುಂದಿನ ಸಾಲಿನವರೇ ತೂಕಡಿಸುತ್ತಿದ್ದರು. ಆದರೂ ಗುರುಗಳಿಗೆ ಶಿಷ್ಯನ ಮೇಲೆ ಅಸೂಯೆ ಇರಲಿಲ್ಲ. ಅವರು ಈ ಕತೆ ಹೇಳಿದರು.

ಒಬ್ಬ ಯಂತ್ರಗಾರನಿದ್ದ. ಈಗ ನೆಲದೊಳಗೆ ಊರಿಂದೂರಿಗೆ ಕೇಬಲ್ ಹೂಳುತ್ತಾರಲ್ಲ, ಅದರೊಳಗಿನ ಗಾಜಿನ ಎಳೆಗಳನ್ನು ಪರೀಕ್ಷಿಸುವ, ಅಳೆಯುವ, ಒಂದಕ್ಕೊಂದು ಎದುರಾಗಿ ಕೂರಿಸುವ ಉಪಕರಣಗಳನ್ನು ಕಂಡುಹಿಡಿಯುವುದು ಅವನ ಕಸುಬು. ಎಳೆ ತಲೆಗೂದಲಿನಷ್ಟು ಸಣ್ಣದು. ಜನರ ಮಾತು, ಚಿತ್ರ, ನಗು, ಅಳು ಎಲ್ಲವೂ ಬೆಳಕಾಗಿ ಅದರೊಳಗೆ ಹರಿಯುತ್ತವೆ. ಎಷ್ಟು ವರ್ಷ ಕೆಲಸ ಮಾಡಿದರೂ ಅವನಿಗೆ ಈ ಬೆರಗು ತಗ್ಗಿರಲಿಲ್ಲ.

ಒಂದು ಬೆಟ್ಟದ ಮೇಲೆ ಚಿಕ್ಕ ಆಸ್ಪತ್ರೆ ಇತ್ತು. ಅಲ್ಲಿ ವೈದ್ಯರಿರಲಿಲ್ಲ, ಒಬ್ಬ ದಾದಿ ಇದ್ದಳು. ಕಷ್ಟದ ರೋಗ ಬಂದರೆ ಕೆಳಗಿನ ಪೇಟೆಯ ವೈದ್ಯೆ ಪರದೆಯ ಮೇಲೆ ಕಾಣಿಸಿಕೊಂಡು ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿಕೊಡುತ್ತಿದ್ದಳು. ಒಂದು ಮಳೆಗಾಲದಲ್ಲಿ ಗುಡ್ಡ ಕುಸಿಯಿತು. ರಸ್ತೆ ಹೋಯಿತು, ಕೇಬಲ್ಲೂ ತುಂಡಾಯಿತು, ಫೋನುಗಳೂ ಸತ್ತವು. ಅದೇ ದಿನ ಬೆಟ್ಟದ ಮೇಲೆ ಒಬ್ಬ ಹೆಂಗಸಿಗೆ ಹೆರಿಗೆ ನೋವು ಬಂತು. ಕೂಸು ಅಡ್ಡ ತಿರುಗಿತ್ತು. ಗಟ್ಟಿಗರು ಒಬ್ಬೊಬ್ಬರಾಗಿ ಕೆಸರಿನಲ್ಲಿ ಹೇಗೋ ಹತ್ತಿಳಿಯಬಹುದಿತ್ತು, ಅವಳನ್ನು ಕೆಳಗೆ ಹೊತ್ತು ತರಲು ಮಾತ್ರ ದಾರಿಯಿಲ್ಲ. ದಾದಿ ಅಂಥ ಹೆರಿಗೆ ಒಂದನ್ನೂ ಮಾಡಿಸಿದವಳಲ್ಲ.

ಎಳೆ ಬೆಸೆಯುವ ಕೆಲಸದವರು ಕುಸಿತದ ಆಚೆ ಸಿಕ್ಕಿಬಿದ್ದಿದ್ದರು. ಪೇಟೆಯಲ್ಲಿ ಇದ್ದವನು ಯಂತ್ರಗಾರ ಒಬ್ಬನೇ. ಅವನು ಉಪಕರಣ ಮಾಡಿಕೊಡುತ್ತಿದ್ದನೇ ಹೊರತು ಬಯಲಿನಲ್ಲಿ ಕೂತು ಬೆಸೆದವನಲ್ಲ. ಆದರೂ ಒಲ್ಲೆ ಎನ್ನಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೊರಟ.

ಎಲ್ಲಿ ತುಂಡಾಗಿದೆ ಎಂಬುದು ಮೊದಲು ತಿಳಿಯಬೇಕು. ಅವನು ಪೇಟೆಯ ತುದಿಯಿಂದ ಎಳೆಯೊಳಕ್ಕೆ ಒಂದು ಚಿಟಿಕೆ ಬೆಳಕು ಬಿಟ್ಟ. ಅದು ಮುರಿದ ಜಾಗಕ್ಕೆ ತಾಗಿ, ಒಂದಿಷ್ಟು ಹಿಂದಿರುಗಿ ಬಂತು. ಬಾವಿಗೆ ಕಲ್ಲು ಹಾಕಿ ಸದ್ದು ಕೇಳಿ ಆಳ ಹೇಳುವ ಹಾಗೆ, ಬೆಳಕು ಹೋಗಿ ಬಂದ ಹೊತ್ತನ್ನು ಎಣಿಸಿ ಪೆಟ್ಟಿಗೆ ದೂರ ಹೇಳಿತು. ಜನ ಹೋಗಿ ಅಗೆದರು. ತುಂಡಾದ ಕೇಬಲ್ ಅಲ್ಲೇ ಇತ್ತು.

ಬೆಟ್ಟದ ಮೇಲಿನವರೊಂದಿಗೆ ಆಳು ಕಳಿಸಿ ಒಂದು ಗುರುತು ಮಾಡಿಕೊಂಡಿದ್ದರು. ಪರದೆಯ ಮೇಲೆ ವೈದ್ಯೆಯ ಮುಖ ಮೂಡಿದ ಕೂಡಲೇ ಆಸ್ಪತ್ರೆಯ ತಾರಸಿಯಿಂದ ಬಿಳಿ ಬಟ್ಟೆ ಬೀಸುವುದು. ಪೇಟೆಯಲ್ಲಿ ವೈದ್ಯೆ ಸಿದ್ಧವಾಗಿ ಕುಳಿತಿದ್ದಳು. ಅವಳ ಮಾತನ್ನು ಹೊತ್ತ ಬೆಳಕು ಕಣ್ಣಿಗೆ ಕಾಣುವಂಥದಲ್ಲ. ಆದ್ದರಿಂದ ಅದರ ಜೊತೆಗೆ ಕಾಣುವಂಥ ಕೆಂಪು ಬೆಳಕನ್ನೂ ಎಳೆಗೆ ಹಾಯಿಸಿದ್ದರು.

ಯಂತ್ರಗಾರ ಹೊಸದೊಂದು ಉಪಕರಣ ಮಾಡಿದ್ದ. ಎರಡು ಎಳೆಗಳ ತುದಿಯನ್ನು ಎದುರುಬದುರು ಕೂರಿಸಿ ತಿರುಪುಗಳಿಂದ ಸರಿಸುವುದು. ಮೇಲೊಂದು ಯಂತ್ರದ ಕಣ್ಣು. ಆ ಕಣ್ಣಿಗೆ ಬೆಳಕು ಬಿದ್ದಷ್ಟೂ ಅಳತೆಯ ಮುಳ್ಳು ಏರುತ್ತದೆ. ಅವನು ಕಂಬಳಿ ಮರೆ ಮಾಡಿಕೊಂಡು ಕುಳಿತು ತಿರುಪು ಸರಿಸಿದ. ಎಳೆಗಳು ಕೂಡುವ ಕಡೆ ಕೆಂಪು ಚುಕ್ಕೆ ಕಂಡಿತು. ಇನ್ನಷ್ಟು ಸರಿಸಿದ. ಚುಕ್ಕೆ ಕೆಂಡವಾಯಿತು. ಮುಳ್ಳು ತುದಿ ಮುಟ್ಟಿತು.

"ಬೆಳಕು ಬಂತು ಕಣ್ರಯ್ಯೋ!" ಎಂದು ಒಬ್ಬ ಕೂಗಿದ. ಜನ ಕಂಬಳಿಯ ಸಂದಿಯಲ್ಲಿ ಇಣುಕಿ ಕೈಮುಗಿದರು. ಒಬ್ಬರು ಪೆಟ್ಟಿಗೆಗೆ ಕುಂಕುಮ ಹಚ್ಚಿದರು, ಇನ್ನೊಬ್ಬರು ಕಾಯಿ ಒಡೆದರು. ಯಂತ್ರಗಾರನಿಗೆ ಕಣ್ಣು ತುಂಬಿ ಬಂತು. ಆ ಸಂಭ್ರಮದಲ್ಲಿ ಒಬ್ಬರೂ ತಲೆಯೆತ್ತಿ ತಾರಸಿಯ ಕಡೆ ನೋಡಲಿಲ್ಲ.

ಆಗ ಆ ಹೆಂಗಸಿನ ಗಂಡ ಕೆಸರಿನಲ್ಲಿ ಜಾರುತ್ತಾ ಇಳಿದು ಬಂದ. "ಏನ್ರಪ್ಪ ಇಲ್ಲಿ ಹಬ್ಬ? ಮೇಲೆ ಪರದೆ ಕಪ್ಪಗೆ ಕೂತದೆ. ನನ್ನ ಹೆಂಡ್ತಿ ಕೂಗೋದನ್ನೂ ನಿಲ್ಲಿಸವ್ಳೆ!"

ಯಂತ್ರಗಾರ ಕೆಂಡದಂಥ ಆ ಚುಕ್ಕೆಯನ್ನೇ ನೋಡಿದ. ಒಂಟಿ ಎಳೆಯ ತುದಿ ಹೊಳೆದರೆ ಎಳೆ ಅಲ್ಲಿಯವರೆಗೆ ಗಟ್ಟಿ ಎಂದು ಅರ್ಥ. ಎಷ್ಟು ಹೊಳೆದರೆ ಅಷ್ಟು ಒಳ್ಳೆಯದು. ಕಾರ್ಖಾನೆಯಲ್ಲಿ ಅದನ್ನೇ ನೋಡಿ ನೋಡಿ ಅವನ ಕಣ್ಣಿಗೆ ಹೊಳಪೆಂದರೆ ಒಳ್ಳೆಯದು ಎಂಬ ಚಾಳಿ ಬಿದ್ದಿತ್ತು. ಆದರೆ ಇದು ತುದಿಯಲ್ಲ, ಸೇರುವ ಜಾಗ. ಬೆಳಕು ಹರಿಯುವುದು ಎಳೆಯ ನಟ್ಟನಡುವಿನ ತಿರುಳಿನಲ್ಲಿ. ತಿರುಳಿಗೆ ತಿರುಳು ಎದುರಾಗದಿದ್ದರೆ ಅದು ಅಲ್ಲೇ ಹೊರಗೆ ಚೆಲ್ಲುತ್ತದೆ. ಜನ ಕೈಮುಗಿದದ್ದು ಚೆಲ್ಲಿದ ಬೆಳಕಿಗೆ. ಆ ಹೆಂಗಸಿಗೆ ಹೋಗಬೇಕಾದದ್ದನ್ನು ತಾನು ಇಲ್ಲಿ ಹಬ್ಬ ಮಾಡಿ ಕಳೆದೆ ಎಂದು ಅವನಿಗೆ ನಾಚಿಕೆಯಾಯಿತು.

ಈಗ ಮುಳ್ಳನ್ನು ಇಳಿಸಬೇಕು. ನಂಬು, ಕರಿಬಸವ, ಅವನ ಕೈ ಏಳಲಿಲ್ಲ. ಅಷ್ಟು ಚೆಂದದ ಬೆಳಕನ್ನು ತಾನೇ ಆರಿಸುವುದು ಹೇಗೆ? ಹಲ್ಲು ಕಚ್ಚಿ ತಿರುಪು ಸರಿಸಿದ. ಕೆಂಡ ಮಸುಕಾಯಿತು. ಜನ ಗೊಣಗಿದರು. ಮತ್ತೆ ಸರಿಸಿದ. ಅದು ಸಾಸಿವೆಯಷ್ಟಾಯಿತು. ಕಡೆಗೆ ಅದೂ ಇಲ್ಲವಾಯಿತು. ಕಂಬಳಿಯೊಳಗೆ ಬರಿ ಕತ್ತಲೆ. ಒಂದು ಕಿಡಿ ಹಾಯಿಸಿ ಎರಡು ಎಳೆಗಳನ್ನೂ ಬೆಸೆದ.

"ಇದ್ದಿದ್ದನ್ನೂ ಆರಿಸಿಬಿಟ್ಟನಲ್ಲಪ್ಪ ಪುಣ್ಯಾತ್ಮ!" ಎಂದು ಜನ ಬೈದರು. ಹೆಂಗಸಿನ ಗಂಡ ಮಾತ್ರ ಅಲ್ಲಿ ನಿಲ್ಲದೆ ಬೆಟ್ಟ ಹತ್ತಿ ಓಡಿದ.

ಯಂತ್ರಗಾರ ತಾರಸಿಯ ಕಡೆ ನೋಡಿದ. ಬಿಳಿ ಬಟ್ಟೆ ಇಲ್ಲ. ಕಾದ. ಇನ್ನೂ ಇಲ್ಲ. ಬೆಸುಗೆಯನ್ನು ಬಿಚ್ಚಿ ಮತ್ತೆ ಮಾಡು ಎಂದು ಜನ ಮೈಮೇಲೆ ಬಿದ್ದರು. ಬಿಚ್ಚದೆಯೂ ನೋಡುವ ಉಪಾಯ ಒಂದಿತ್ತು. ಬೆಸುಗೆಯ ಆಚೆಗೆ ಎಳೆಯನ್ನು ತುಸು ಬಾಗಿಸಿದರೆ ಬಾಗಿದ ಕಡೆ ಬೆಳಕು ಜಿನುಗುತ್ತದೆ. ಜಿನುಗಿದರೆ ದಾಟಿದೆ ಎಂದು ಖಾತ್ರಿ. ಅವನು ಎಳೆಯನ್ನು ಬೆರಳಿಗೆ ತೆಗೆದುಕೊಂಡ. ಬಾಗಿಸಬೇಕು ಅನ್ನುವಾಗ ಕೈ ತಡೆಯಿತು. ಜಿನುಗುವುದು ಯಾರ ಪಾಲಿನದು? ಒಂದು ವೇಳೆ ಈ ಗಳಿಗೆಯಲ್ಲೇ ವೈದ್ಯೆ ದಾದಿಗೆ ಕೈ ಹೀಗೆ ಹಿಡಿ ಎಂದು ಹೇಳುತ್ತಿದ್ದರೆ? ತನ್ನ ಸಮಾಧಾನಕ್ಕಾಗಿ ಆ ಮಾತಿನಲ್ಲಿ ಒಂದು ಅಕ್ಷರ ಸೋರಿದರೂ ಸಾಕು, ಎರಡು ಜೀವ ಹೋದಾವು.

ಅವನು ಬಾಗಿಸಲಿಲ್ಲ, ಬಾಗಿಸಲು ಬಿಡಲೂ ಇಲ್ಲ. ಬೈಗುಳ ಕೇಳುತ್ತಾ ಎಳೆಯನ್ನು ಬೆರಳುಗಳ ನಡುವೆ ನೆಟ್ಟಗೆ ಹಿಡಿದು ಕುಳಿತ. ಅದು ಬಿಸಿಯಾಗಲಿಲ್ಲ, ಅಲುಗಲಿಲ್ಲ, ಸದ್ದು ಮಾಡಲಿಲ್ಲ. ಬೆಳಕೇ ಕಾಣದ ಈ ಕೂದಲೆಳೆಯೊಳಗೆ ಒಂದು ಹೆಣ್ಣಿನ ನರಳಾಟ ಕೆಳಗೆ ಇಳಿಯುತ್ತಿರಬಹುದು, ಇನ್ನೊಂದು ಹೆಣ್ಣಿನ ಧೈರ್ಯ ಮೇಲಕ್ಕೆ ಹತ್ತುತ್ತಿರಬಹುದು, ಎರಡೂ ನನ್ನ ಬೆರಳ ಸಂದಿಯಲ್ಲೇ ದಾಟುತ್ತಿರಬಹುದು, ನನಗೆ ಒಂದೂ ತಿಳಿಯದು ಎಂದುಕೊಂಡ. ಜನ್ಮದಲ್ಲಿ ಅಷ್ಟು ದೊಡ್ಡದನ್ನು ಅವನು ಎಂದೂ ಮುಟ್ಟಿರಲಿಲ್ಲ. ನೋಡಲು ಏನೂ ಇಲ್ಲದ್ದರಿಂದ ಜನ ಒಬ್ಬೊಬ್ಬರಾಗಿ ಎದ್ದು ಹೋದರು.

ಸಂಜೆಗೆ ಹೆಂಗಸಿನ ಗಂಡ ಮತ್ತೆ ಇಳಿದು ಬಂದ. ನಗುತ್ತಿದ್ದ, ಅಳುತ್ತಲೂ ಇದ್ದ. ಹೆಣ್ಣು ಕೂಸು, ತಾಯಿ ಕ್ಷೇಮ ಎಂದ.

"ಮತ್ತೆ ಬಟ್ಟೆ ಯಾಕಪ್ಪ ಬೀಸಲಿಲ್ಲ?" ಎಂದು ಯಂತ್ರಗಾರ ಕೇಳಿದ.

"ಡಾಕ್ಟ್ರಮ್ಮ ಪರದೆ ಮೇಲೆ ಬಂದ ಗಳಿಗೆಯಿಂದ ಯಾರಿಗೆ ಸ್ವಾಮಿ ಪುರಸೊತ್ತು? ಆ ಬಟ್ಟೇಲೇ ಮಗೀನ ಸುತ್ತಿದೀವಿ."

ಗುರುಗಳು ಕತೆ ನಿಲ್ಲಿಸಿದರು. ಕರಿಬಸವನ ಮುಖ ಬಾಡಿತ್ತು.

"ಹಾಗಾದರೆ ನಾನು ಪ್ರವಚನ ಬಿಟ್ಟು ಸುಮ್ಮನಾಗಲೇ?" ಎಂದ.

"ಬೆಳಕು ಬಿಡದ ಎಳೆಯೂ ಕತ್ತಲಾಗಿಯೇ ಇರುತ್ತದೆ" ಎಂದರು ಗುರುಗಳು.

ಕರಿಬಸವ ಕೇಳಿದ, "ಬೆಳಕು ದಾಟಿದ ಕತ್ತಲೆ ಯಾವುದು, ಬೆಳಕು ಆರಿದ ಕತ್ತಲೆ ಯಾವುದು ಎಂದು ಯಾರಿಗೆ ಗೊತ್ತಾಗುತ್ತದೆ?"

"ಆ ಬಾಣಂತಿಗೆ ಗೊತ್ತಪ್ಪ, ಆದರೆ ದಾರಿಯಲ್ಲೊಂದು ಬೆಸುಗೆ ಇದೆ ಎಂಬುದೇ ಅವಳಿಗೆ ಗೊತ್ತಿಲ್ಲ."